ಅರ್ಧಕ್ಕೆ ನಿಂತ ಬೀಸುಕಲ್ಲು

ಲೈಟು ಇರಲಿ, ಆರಿಸಬೇಡಿ. ಇದು ಕತ್ತಲೆ ಬೇಕಾದ ಕತೆಯಲ್ಲ. ಕತೆಯೇ ಅಲ್ಲ... ನಡೆದದ್ದು. ನಮ್ಮ ದೊಡ್ಡಮ್ಮನ ಮಗಳು ಹಂಸಿನಿಗೆ ನಡೆದದ್ದು. ಈ ಪರದೇಶದಲ್ಲಿ, ಫೋರ್ಟ್ ಲೀಯ ನಮ್ಮ ಮನೆಗೆ ಬಂದಿದ್ದಾಗ, ಎಲ್ಲರೂ ಮಲಗಿದ ಮೇಲೆ, ಕಿಟಕಿಯಾಚೆ ಸೇತುವೆಯ ದೀಪಗಳನ್ನು ನೋಡುತ್ತಾ ಪಿಸುದನಿಯಲ್ಲಿ ಹೇಳಿದಳು. ಅವಳು ಸುಳ್ಳು ಹೇಳುವವಳಲ್ಲ. ಸುಳ್ಳು ಹೇಳೋಕೆ ಬಾಯಿ ಬೇಕು. ಹಂಸಿನಿಗೆ ನಿಜ ಹೇಳುವಷ್ಟೂ ಬಾಯಿ ಇರಲಿಲ್ಲ.

ಡಿಸೆಂಬರ್ ತಿಂಗಳು. ಅವಳು ಮಾರಿಸ್‌ಟೌನಿನಲ್ಲಿ ರೈಲಿಳಿಯುವ ಹೊತ್ತಿಗೆ, ಇನ್ನೂ ಸಂಜೆಯೇ ಆದರೂ, ರಾತ್ರಿ ಬಿದ್ದಾಗಿತ್ತು. ಸ್ಟೇಷನ್ನಿಂದ ಮನೆಗೆ ನಡೆದೇ ಹೋಗುತ್ತಾಳೆ. ದಾರಿಯಲ್ಲಿ ಒಂದು ಓಬೀರಾಯನ ಕಾಲದ ಮನೆ ಇದೆ, ಈಗ ಅದು ಹಲ್ಲಿನ ಡಾಕ್ಟರ ಆಫೀಸು. ಅದರ ಮುಂದೆ ಒಂದು ಬಾವಿ. ನಿಜವಾದ ಬಾವಿಯೇ. ಸುತ್ತ ಕಲ್ಲಿನ ಕಟ್ಟೆ, ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಸರಪಳಿ. ಹಬ್ಬದ ಸೀಸನ್ ಅಂತ ಯಾರೋ ಅದಕ್ಕೂ ಕೆಂಪು ರಿಬ್ಬನ್ ಕಟ್ಟಿದ್ದರು.

ಬಾವಿ ದಾಟುವಾಗ ಕೇಳಿಸಿತು.

ಗರ್ರ... ಗರ್ರ... ಗರ್ರ...

ಎಲೆ ಊದುವ ಮೆಷಿನ್ನಾಗಿದ್ದರೆ ರೊಂಯ್ ಅನ್ನುತ್ತೆ. ರಸ್ತೆಗೆ ಉಪ್ಪು ಚೆಲ್ಲುವ ಟ್ರಕ್ಕಾಗಿದ್ದರೆ ಚರಚರ ಅನ್ನುತ್ತೆ. ಇದು ಬೇರೆ. ಕಲ್ಲಿನ ಮೇಲೆ ಕಲ್ಲು ಸುತ್ತುವ ಸದ್ದು. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಯಾರೋ ಉಸಿರು ತೆಗೆದುಕೊಂಡ ಹಾಗೆ ಒಂದು ಸಣ್ಣ ತೆರಪು.

ಹಂಸಿನಿ ನಿಂತಳು. ಸದ್ದೂ ನಿಂತಿತು.

ಜೇಬಿನಲ್ಲಿ ಫೋನು ಝುಂಯ್ ಅಂದಿತು. ಹೌಹಾರಿ ತೆಗೆದು ನೋಡಿದರೆ... ಗಣಪತಿ ಅಂಕಲ್ ವಾಯ್ಸ್ ಮೆಸೇಜು.

"ಹಂಸಿನೀ, ಎಲ್ಲಿ ಬಂತಮ್ಮ ವೆಬ್‌ಸೈಟ್ ವಿಡಿಯೋ? ಕಮಿಟಿಯವರೆಲ್ಲ ಕೇಳ್ತಿದಾರೆ. ಆ ಅಜ್ಜಿ ಹಾಡು ಪೂರ್ತಿ ತೆಗೆದ್ಬಿಡು. ಏನೂ ಕೇಳಿಸಲ್ಲ, ನೋಡೋಕೂ ಒಂಥರಾ ಇದೆ. ಫೈಲೂ ತಾನಾಗೇ ಸಣ್ಣ ಆಗುತ್ತೆ. ಫೈವ್ ಮಿನಿಟ್ಸ್ ಕೆಲ್ಸ. ಆಫೀಸಿಂದ ಹೋಗ್ತಾ ಬಂದು ಕೂಟದ ಹಾರ್ಡ್ ಡಿಸ್ಕ್ ತಗೋತೀನಿ. ನಮ್ಮ ಮಗಳು ದಿಯಾ ರಂಗಪ್ರವೇಶಕ್ಕೆ ಬೇಕು, ಅದರಲ್ಲಿರೋದೆಲ್ಲ ಅಳಿಸ್ತೀನಿ. ಓಕೆ?"

ಅವಳು ಬೆರಳು ಕೊರೆಯುವ ಚಳಿಯಲ್ಲಿ ನಿಂತು ಟೈಪ್ ಮಾಡಿದಳು. "ಸರಿ ಅಂಕಲ್."

ಯಾರು ಈ ಗಣಪತಿ ಅಂಕಲ್ ಅಂದರೆ, ಅಲ್ಲಿಯ ಕನ್ನಡ ಕೂಟದ ಸಾಂಸ್ಕೃತಿಕ ಕಾರ್ಯದರ್ಶಿ. ಒಂದು ಸಲ ಯಾವುದೋ ಪಾಟ್‌ಲಕ್ ಊಟದಲ್ಲಿ ಹಂಸಿನಿ "ನಂಗೆ ವಿಡಿಯೋ ಸ್ವಲ್ಪ ಬರುತ್ತೆ" ಅಂದುಬಿಟ್ಟಿದ್ದಳು. ಅಷ್ಟೇ. ಅವತ್ತಿನಿಂದ ಊರಿನವರ ಮುಂಜಿ, ನಾಮಕರಣ, ಗ್ರಾಜುಯೇಷನ್ನು, ಯಾರದೋ ನಾಯಿಮರಿಯ ಬರ್ತ್‌ಡೇ... ಎಲ್ಲ ಫೈಲೂ ಅವಳ ತಲೆಗೆ. ದೊಡ್ಡ ಕ್ಯಾಮೆರಾದಲ್ಲಿ ಹಿಡಿದ ಆನೆಯಂಥ ಫೈಲುಗಳು ವೆಬ್‌ಸೈಟಿಗೆ ಹತ್ತಲ್ಲ, ವಾಟ್ಸಾಪಿಗೆ ಹೋಗಲ್ಲ. ಅವುಗಳನ್ನು ಸಣ್ಣ ಮಾಡಿ ಕೊಡಬೇಕು. ಅವಳ ಹಳೇ ಲ್ಯಾಪ್‌ಟಾಪಿನಲ್ಲಿ ಒಂದೊಂದಕ್ಕೂ ಅರ್ಧ ಮುಕ್ಕಾಲು ಗಂಟೆ. ಥ್ಯಾಂಕ್ಸ್ ಅಂದವರನ್ನು ಅವಳು ನೆನಪಿಟ್ಟುಕೊಂಡಿದ್ದಾಳೆ, ಯಾಕೆಂದರೆ ನೆನಪಿಡುವುದು ಸುಲಭ.

ಹಾಗೆ ಸಣ್ಣ ಮಾಡುವ ಸಾಫ್ಟ್‌ವೇರಿಗೆ ಒಂದು ಬುದ್ಧಿ ಇದೆಯಂತೆ. ಚಿತ್ರದಲ್ಲಿ ಯಾವುದು ಅಲುಗಾಡುವುದಿಲ್ಲವೋ ಅದನ್ನು ಮತ್ತೆ ಬರೆಯುವುದಿಲ್ಲ, ಹಿಂದಿನ ಚಿತ್ರದಿಂದಲೇ ಎತ್ತಿ ಅಂಟಿಸುತ್ತದೆ. ಕುಣಿಯುವವರಿಗೆ ಜಾಗ ಜಾಸ್ತಿ, ಸುಮ್ಮನೆ ಕೂತವರಿಗೆ ಕಡಿಮೆ. "ನಮ್ಮ ಕೂಟಾನೂ ಹಾಗೇ ಕಣೇ" ಅಂದಿದ್ದಳು ನನಗೆ. ಆಗಲೂ ಗೊಣಗಿದ್ದಷ್ಟೇ.

ಇನ್ನು ಆ ಅಜ್ಜಿ. ಬಸಲಿಂಗಮ್ಮ. ಧಾರವಾಡದ ಕಡೆಯವರು. ಮಾರಿಸ್‌ಟೌನಿನಲ್ಲೇ ಇರುವ ನಂದಾ ಆಂಟಿಯ ತಾಯಿ. ಮಗಳ ಮನೆಗೆ ಬಂದಿದ್ದರು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ "ನಮ್ಮ ಜಾನಪದ" ಅಂತ ಹಾಕಿಕೊಳ್ಳೋಕೆ ಏನಾದರೂ ಬೇಕಿತ್ತು, ಕಮಿಟಿಯವರೇ ಹೋಗಿ ಕೈಮುಗಿದು ಕರೆದರು. ಅಜ್ಜಿ ಬಂದರು. ಸ್ಟೂಲು ಬೇಡ ಅಂದು ಸ್ಟೇಜಿನ ನೆಲದ ಮೇಲೇ ಕೂತರು. ಒಂದು ಕಾಲು ಚಾಚಿ, ಇಲ್ಲದ ಬೀಸುಕಲ್ಲಿನ ಗೂಟ ಹಿಡಿದವರ ಹಾಗೆ ಬಲಗೈ ಸುತ್ತಿಸುತ್ತಾ, ಜೋಳ ಬೀಸುವ ಹಾಡು ಶುರುಮಾಡಿದರು. ಮೈ ಅಲುಗಲಿಲ್ಲ. ಕೈ ಒಂದೇ.

ಬೀಸೇನ ಬಿಳಿಜೋಳ ಬೆಳುದಿಂಗಳಾದಂಗ
ಸೂಸ್ಯಾವ ಹಿಟ್ಟು ನೆಲದ ಮ್ಯಾಲ, ತಂಗೆಮ್ಮ...

ಅಲ್ಲಿಗೆ ಮೈಕು ಆಫ್ ಆಯಿತು. ಹಾಗೇ ಕೆಟ್ಟಿದ್ದಲ್ಲ. ಸ್ಟೇಜಿನ ಪಕ್ಕದಲ್ಲಿ ನಿಂತಿದ್ದ ಗಣಪತಿ ಅಂಕಲ್ ಎರಡು ಬೆರಳು ಕತ್ತರಿ ಮಾಡಿ ಸೌಂಡಿನವನಿಗೆ ತೋರಿಸಿದ್ದು ಕ್ಯಾಮೆರಾ ಹಿಂದಿದ್ದ ಹಂಸಿನಿ ಕಣ್ಣಾರೆ ನೋಡಿದಳು. ಲೇಟಾಗಿತ್ತಂತೆ. ಮಕ್ಕಳ ಫ್ಯೂಷನ್ ಡ್ಯಾನ್ಸಿನ ಟ್ರ್ಯಾಕು ಢಂ ಅಂತ ಹೊಡೆದುಕೊಂಡಿತು. ಮಕ್ಕಳು ಅಜ್ಜಿಯ ಸುತ್ತ ಕುಣಿಯತೊಡಗಿದವು. ಸಭೆ ನಕ್ಕಿತು.

ಅಜ್ಜಿ ಏಳಲಿಲ್ಲ. ಹಾಡುತ್ತಲೇ ಇದ್ದರು. ತುಟಿ ಆಡುತ್ತಿದ್ದವು, ಕೈ ತಿರುಗುತ್ತಿತ್ತು. ಗಣಪತಿ ಅಂಕಲ್ ತಾವೇ ಬಂದು ರಟ್ಟೆ ಹಿಡಿದು ಎಬ್ಬಿಸಿದರು. ಕೆಳಗಿಳಿಯುವಾಗ ಅಜ್ಜಿ ಅಂದದ್ದು ಹಂಸಿನಿಗೆ ಕೇಳಿಸಿತು.

"ಕಲ್ಲು ಹಿಡದ ಮ್ಯಾಲ ನಡುವ ಬಿಡಬಾರದ್ರೀ. ಹಾಕಿದ ಕಾಳು ಮುಗೀಬೇಕು. ಇಲ್ಲಾಂದ್ರ ಆ ಕಲ್ಲು ತಾನ ತಿರಗತದ."

"ಆಯ್ತಮ್ಮ, ಆಯ್ತು. ಜ್ಯೂಸ್ ಕುಡೀರಿ" ಅಂದರು ಅಂಕಲ್.

ಅದಾಗಿ ಸ್ವಲ್ಪ ದಿನಕ್ಕೆ ಅಜ್ಜಿ ನಿದ್ದೆಯಲ್ಲೇ ಹೋಗಿಬಿಟ್ಟರು. ಮಣ್ಣು ಇಲ್ಲೇ ಆಯಿತು. ಊರಲ್ಲಿ ಅವರಿಗೊಬ್ಬ ತಂಗಿ. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಕಲ್ಲಿಗೆ ಎದುರು ಬದುರು ಕೂತು ಬೀಸಿದವರು. ಆ ತಂಗಿಗೆ ಅಕ್ಕನ ಮುಖ ಸಿಗಲಿಲ್ಲ.

ನಂದಾ ಆಂಟಿ ಹಂಸಿನಿಗೆ ಫೋನ್ ಮಾಡಿದ್ದರು. "ಅವ್ವನ ಹಾಡಿಂದು ವಿಡಿಯೋ ನಿನ್ನ ಕಡೆ ಅದ ಅಲ್ಲಾ? ಊರಾಗ ಅವ್ವನ ಹೆಸರೀಲೆ ಶಿವಗಣಾರಾಧನೆ ಇಟ್ಟಾರ. ಚಿಗವ್ವ ಕೂಡಿದ ಮಂದಿಗೆ ತೋರಸ್ತಾಳಂತ. ಅಲ್ಲೆ ನೆಟ್ ಭಾಳ ಸ್ಲೋ, ಫೋನೂ ಹಳೇದು. ಸಣ್ಣದ ಮಾಡಿ ಕೊಡವಾ."

"ಆಂಟಿ... ಮೈಕ್ ಆಫ್ ಆಗಿತ್ತಲ್ಲ. ಕೊನೇ ಸಾಲು ಕೇಳಲ್ಲ."

"ಗೊತ್ತದ. ತುಟಿ ಕಾಣತಾವಲ್ಲ... ಅಷ್ಟ ಸಾಕು."

ಹಂಸಿನಿ ಮಾತು ಕೊಟ್ಟಳು. ಕೊಟ್ಟು, ಮಾಡಲಿಲ್ಲ. ಯಾಕೆಂದರೆ ಗಣಪತಿ ಅಂಕಲ್ಲಿಗೆ ಟೈಟಲ್ಲು ಬಂಗಾರದ ಬಣ್ಣದಲ್ಲಿ ಬೇಕಿತ್ತು, ಆಮೇಲೆ ಹಳದಿ, ಆಮೇಲೆ ಮತ್ತೆ ಬಂಗಾರ. ಜೋರು ಮಾಡುವವರ ಕೆಲಸ ಮೊದಲು, ಮೆತ್ತಗೆ ಕೇಳಿದವರದು ಆಮೇಲೆ. ನಾವೆಲ್ಲ ಹಾಗೇ ಅಲ್ಲವಾ? ನನಗೆ ಮೈ ಉರಿಯುವುದು ದೆವ್ವಕ್ಕಲ್ಲ, ಇದಕ್ಕೆ.

ಹಾಗಾಗಿ ಆ ಸಂಜೆ ಹೀಗಿತ್ತು. ಪೂರ್ತಿ ಹಾಡು ಇದ್ದದ್ದು ಆ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಅಂಕಲ್ ಆಫೀಸು ಮುಗಿಸಿ ಬರುವವರಿದ್ದರು. ಊರಲ್ಲಿ ಅದೇ ದಿನ ಆರಾಧನೆ, ಅಲ್ಲಿ ಆಗ ಬೆಳಗಿನ ಜಾವ. ಲ್ಯಾಪ್‌ಟಾಪು ಒಂದೇ ಕೆಲಸ ಮಾಡಬಲ್ಲದು.

ಅವಳು ಯಾವುದು ಮೊದಲು ಮಾಡಿದಳು ಹೇಳಿ?

ಹೌದು. ಅಂಕಲ್ಲಿನದೇ.

ಕೋಟು ಕೂಡ ಬಿಚ್ಚದೆ ಕೂತಳು. ಅಜ್ಜಿ ನೆಲಕ್ಕೆ ಕೂರುವಲ್ಲಿಂದ ಕೆಳಗಿಳಿಯುವವರೆಗೆ ಗುರುತು ಹಾಕಿ ಕತ್ತರಿಸಿದಳು. ಉಳಿದದ್ದನ್ನು ಸಣ್ಣ ಮಾಡಲು ಹಾಕಿದಳು. ಕೆಲಸ ಜಾಸ್ತಿಯಾದಾಗ ಆ ಲ್ಯಾಪ್‌ಟಾಪಿನ ಫ್ಯಾನು ಕೂಗುತ್ತದೆ, ಯಾವಾಗಲೂ ಸುಂಯ್ ಅಂತ. ಆವತ್ತು...

ಗರ್ರ... ಗರ್ರ... ಗರ್ರ...

ನಡುವೆ ಉಸಿರಿನಷ್ಟು ತೆರಪು.

ಅವಳು ಲ್ಯಾಪ್‌ಟಾಪಿಗೆ ಕಿವಿ ಕೊಟ್ಟಳು. ಬಾವಿಯ ಹತ್ತಿರ ಕೇಳಿದ್ದೇ ಸದ್ದು. ಧೂಳು ಸೇರಿಕೊಂಡಿರಬೇಕು ಅಂದುಕೊಂಡಳು. ನಾವು ಓದಿದವರಲ್ಲವಾ, ಧೂಳು ಅಂತಲೇ ಅಂದುಕೊಳ್ಳುತ್ತೇವೆ.

ಫೈಲು ಮುಗಿಯಿತು. ಆದರೆ ಸಣ್ಣದಾಗಿರಲಿಲ್ಲ. ಇದ್ದದ್ದಕ್ಕಿಂತ ದೊಡ್ಡದಾಗಿತ್ತು.

ಹಾಗಾಗಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಆಗಿಲ್ಲ. ತೆರೆದು ನೋಡಿದಳು. ಸ್ವಾಗತ ಭಾಷಣ ಸರಿಯಿತ್ತು. ದೀಪ ಬೆಳಗಿಸಿದ್ದು ಸರಿಯಿತ್ತು. ಮಕ್ಕಳ ಡ್ಯಾನ್ಸು... ಮಕ್ಕಳ ಕಾಲುಗಳ ನಡುವೆ, ಸ್ಟೇಜಿನ ನೆಲದ ಮೇಲೆ, ಬಸಲಿಂಗಮ್ಮಜ್ಜಿ ಕೂತಿದ್ದರು. ಕಾಲು ಚಾಚಿಕೊಂಡು. ಮಕ್ಕಳ ಮುಖಗಳೆಲ್ಲ ಕಲಸಿದ ಬಣ್ಣದ ಹಾಗೆ ಮಸುಕು. ಅಜ್ಜಿಯ ಕೈ ಮಾತ್ರ ನಿಚ್ಚಳ. ಉಗುರು ಎಣಿಸುವಷ್ಟು ನಿಚ್ಚಳ. ಸುತ್ತುತ್ತಿತ್ತು.

ಕತ್ತರಿಸಿದ್ದು ಸರಿಯಾಗಿಲ್ಲವೇನೋ. ಮತ್ತೆ ಕತ್ತರಿಸಿದಳು. ಎರಡೆರಡು ಸಲ ನೋಡಿ, ಮತ್ತೆ ಹಾಕಿದಳು.

ಗರ್ರ... ಗರ್ರ...

ಈ ಸಲ ಇನ್ನೂ ದೊಡ್ಡ ಫೈಲು. ಈ ಸಲ ಅಜ್ಜಿ ಸ್ವಾಗತ ಭಾಷಣದಲ್ಲೂ ಇದ್ದರು. ದೀಪ ಬೆಳಗಿಸುವವರ ಕಾಲಡಿಯಲ್ಲೂ ಇದ್ದರು. ಯಾರೂ ಅವರನ್ನು ನೋಡುತ್ತಿರಲಿಲ್ಲ. ಸನ್ಮಾನದ ಶಾಲು ಹೊದ್ದು ನಗುತ್ತಿದ್ದವರು ಅವರನ್ನು ದಾಟಿ ಹೋಗುತ್ತಿದ್ದರು. ಅಜ್ಜಿ ಮುಖ ಎತ್ತಿದ್ದರು. ಅವತ್ತು ಸ್ಟೇಜಿನ ಮೇಲೆ ಅವರು ಒಮ್ಮೆಯೂ ಮುಖ ಎತ್ತಿರಲಿಲ್ಲ... ಕ್ಯಾಮೆರಾ ಹಿಂದೆ ಹಂಸಿನಿಯೇ ಇದ್ದಳಲ್ಲ, ಅವಳಿಗೆ ಗೊತ್ತು. ಈಗ ಅವರು ಪಕ್ಕಕ್ಕೆ ನೋಡುತ್ತಿದ್ದರು. ಗಣಪತಿ ಅಂಕಲ್ ನಿಂತಿದ್ದ ಕಡೆಗೆ.

ಆ ಮುಖದಲ್ಲಿ ದುಃಖ ಇರಲಿಲ್ಲವಂತೆ. ಸಿಟ್ಟು ಇತ್ತಂತೆ. ಹೊಲಕ್ಕೆ ದನ ಬಿಟ್ಟವನನ್ನು ನೋಡುತ್ತಾರಲ್ಲ, ಆ ಸಿಟ್ಟು.

ಹಂಸಿನಿ ವಿಡಿಯೋ ನಿಲ್ಲಿಸಿದಳು. ಆದರೂ... ಇದನ್ನು ಹೇಳುವಾಗ ಅವಳ ದನಿ ಇನ್ನೂ ಸಣ್ಣದಾಯಿತು... ಆದರೂ ಅವಳು ಮೂರನೇ ಸಲ ಕತ್ತರಿಸಲು ಹೋದಳು. ಅಂಕಲ್ ಬರ್ತಾರೆ. ಬೈತಾರೆ. ಅಷ್ಟೇ ತಲೆಯಲ್ಲಿ ಇದ್ದದ್ದು. ದೆವ್ವಕ್ಕಿಂತ ಕಾರ್ಯದರ್ಶಿಯ ಭಯ ಹೆಚ್ಚು.

ಮೌಸಿನ ಮೇಲೆ ಬೆರಳಿಟ್ಟಳು. ವಿಡಿಯೋ ಓಡುತ್ತಿರಲಿಲ್ಲ, ನಿಂತ ಚಿತ್ರ. ನಿಂತ ಚಿತ್ರದಲ್ಲಿ ಅಜ್ಜಿ ನಿಧಾನವಾಗಿ ಕತ್ತು ತಿರುಗಿಸಿದರು. ಈ ಕಡೆಗೆ. ಕ್ಯಾಮೆರಾದ ಕಡೆಗೆ.

ಫ್ಯಾನು ನಿಂತಿತು. ಸ್ಪೀಕರಿನಲ್ಲಿ ಕರ್... ಅಂತ ಒಂದು ಸದ್ದು. ಆಮೇಲೆ ದನಿ. ಮೆಲ್ಲಗೆ, ಪಕ್ಕದಲ್ಲಿ ಕೂತು ಆಡಿದ ಹಾಗೆ.

"ಅಂವ ಬೆರಳ ಸನ್ನಿ ಮಾಡಿದ. ಕೈ ಯಾರದವಾ?"

ಹಂಸಿನಿ ಮೌಸಿನಿಂದ ಬೆರಳು ತೆಗೆದಳು.

"ಕೇಳಾಕತ್ತೀನಿ. ಕೈ ಯಾರದು?"

"...ನಂದು, ಅಜ್ಜಿ."

"ನನ್ನ ಕಾಳು ಇನ್ನಾ ಅದ."

ಅಷ್ಟೇ. ಚಿತ್ರ ಚಿತ್ರವಾಗಿಯೇ ನಿಂತಿತು. ಅಜ್ಜಿ ತಲೆ ತಗ್ಗಿಸಿದ್ದರು, ಮೊದಲಿನ ಹಾಗೆ.

ಹಂಸಿನಿಗೆ ಅಳು ಬರಲಿಲ್ಲವಂತೆ. ಸಿಟ್ಟು ಬಂತಂತೆ. ಅವಳಿಗೇ ಹೊಸದಾದ ಸಿಟ್ಟು. ಅಂಕಲ್ ಮೇಲೆ, ನಕ್ಕ ಸಭೆಯ ಮೇಲೆ, ಬಂಗಾರದ ಬಣ್ಣದ ಟೈಟಲ್ಲಿನ ಮೇಲೆ, ಎಲ್ಲಕ್ಕಿಂತ "ಸರಿ ಅಂಕಲ್" ಅಂತ ಟೈಪ್ ಮಾಡುವ ತನ್ನದೇ ಬೆರಳುಗಳ ಮೇಲೆ. ಸ್ವಾಗತ ಭಾಷಣ ಕಿತ್ತು ಹಾಕಿದಳು. ಸನ್ಮಾನ ಕಿತ್ತು ಹಾಕಿದಳು. ಅಜ್ಜಿ ನೆಲಕ್ಕೆ ಕೂರುವಲ್ಲಿಂದ ರಟ್ಟೆ ಹಿಡಿದು ಎಬ್ಬಿಸುವವರೆಗೆ, ಅದೊಂದೇ ಉಳಿಸಿ, ಸಣ್ಣ ಮಾಡಲು ಹಾಕಿದಳು.

ಗರ್ರ... ಗರ್ರ... ಗರ್ರ... ಈಗ ತೆರಪು ಇರಲಿಲ್ಲ. ಇಬ್ಬರು ಕೂತು ಬೀಸಿದ ಹಾಗೆ ಒಂದೇ ಸಮ.

ಅಷ್ಟರಲ್ಲಿ ಬಾಗಿಲು. ಟಕ್ ಟಕ್ ಟಕ್.

ಗಣಪತಿ ಅಂಕಲ್ ಕೈಗವಸು ಬಿಚ್ಚುತ್ತಾ ಹೊಸ್ತಿಲಲ್ಲೇ ನಿಂತರು. "ಆಯ್ತೇನಮ್ಮ? ಕಾರು ಆನ್‌ನಲ್ಲೇ ಬಿಟ್ಟು ಬಂದಿದೀನಿ. ಕೊಡು ಡಿಸ್ಕು."

"ಇಲ್ಲ ಅಂಕಲ್."

"ಏನಿಲ್ಲ?"

"ಡಿಸ್ಕ್ ಈಗ ಕೊಡಲ್ಲ. ಅಜ್ಜಿ ಹಾಡು ತೆಗೆಯೋದೂ ಇಲ್ಲ."

ಅಂಕಲ್ ನಕ್ಕರು. ಮಕ್ಕಳು ತಪ್ಪು ಉತ್ತರ ಹೇಳಿದಾಗ ನಗುವ ನಗು. "ಏನಮ್ಮ ಇದು, ಇಷ್ಟು ಸಾಫ್ಟ್ ಹುಡುಗಿ ನೀನು! ಯಾರು ನೋಡ್ತಾರೆ ಅದನ್ನ? ಮೈಕ್ ಇಲ್ಲ, ಏನಿಲ್ಲ."

"ಮೈಕ್ ಆಫ್ ಮಾಡಿಸಿದ್ದು ನೀವು."

"ಲಿಸನ್, ಪ್ರೋಗ್ರಾಮ್ ನಡೆಸೋ ಕಷ್ಟ ನಿಂಗೊತ್ತಿಲ್ಲ..."

"ನೀವು ಹೀಗೆ ಮಾಡಿದ್ರಿ ಅಂಕಲ್." ಹಂಸಿನಿ ಎರಡು ಬೆರಳು ಎತ್ತಿ ಕತ್ತರಿ ಮಾಡಿ ತೋರಿಸಿದಳು. "ನಾನು ನೋಡಿದೆ. ಕ್ಯಾಮೆರಾನೂ ನೋಡಿದೆ. ನಿಮಗೆ ವೆಬ್‌ಸೈಟಿಗೆ ವಿಡಿಯೋ ಬೇಕಂದ್ರೆ ಅದೂ ಸೇರಿಸಿ ಹಾಕ್ತೀನಿ. ಇಲ್ದಿದ್ರೆ ಬೇರೆ ಯಾರನ್ನಾದ್ರೂ ಹುಡುಕಿಕೊಳ್ಳಿ. ಫೈವ್ ಮಿನಿಟ್ಸ್ ಕೆಲ್ಸ ತಾನೇ?"

ಅಂಕಲ್ಲಿನ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದರು... ತೆರೆದ ಬಾಯಿ ಹಾಗೇ ಉಳಿಯಿತು. ಕತ್ತು ಓರೆ ಮಾಡಿ ಒಳಗೆ ಕಿವಿಗೊಟ್ಟರು.

"ಇಷ್ಟೊತ್ತಲ್ಲಿ ಮಿಕ್ಸಿ ಹಾಕಿದೀಯಾ?" ಮೆಲ್ಲಗೆ ಕೇಳಿದರು.

"ನನ್ನ ಹತ್ರ ಮಿಕ್ಸಿ ಇಲ್ಲ ಅಂಕಲ್."

"ಮತ್ತೆ... ಒಳಗೆ ಯಾರು ಹಾಡ್ತಿರೋದು?"

ಹಂಸಿನಿಗೆ ಹಾಡು ಕೇಳಿಸುತ್ತಿರಲಿಲ್ಲ. ಅವಳಿಗೆ ಕಲ್ಲಿನ ಸದ್ದು ಮಾತ್ರ. ಅವಳು ಬಾಗಿಲನ್ನು ಇನ್ನಷ್ಟು ಅಗಲ ತೆರೆದಳು. ಬನ್ನಿ, ನೋಡಿ ಅನ್ನುವ ಹಾಗೆ.

ಅಂಕಲ್ ಒಳಗೆ ಬರಲಿಲ್ಲ. ಒಂದು ಕೈಗವಸು ಹೊಸ್ತಿಲಲ್ಲೇ ಬಿತ್ತು. ಮೆಟ್ಟಿಲು ಧಡಧಡ ಅಂದವು. ಆಮೇಲೆ ಕಾರು. ಆ ಕೈಗವಸು ಇವತ್ತಿಗೂ ಅವಳ ಹತ್ತಿರ ಇದೆ, ಅವರು ಕೇಳಿಲ್ಲ. ಡಿಸ್ಕನ್ನೂ ಕೇಳಿಲ್ಲ. ಕೂಟಕ್ಕೆ ಹೊಸ ಡಿಸ್ಕು ಬಂತು.

ಫೈಲು ಮುಗಿದಾಗ ಎಷ್ಟು ಚಿಕ್ಕದಾಗಿತ್ತೆಂದರೆ ಅವಳಿಗೆ ಹೆದರಿಕೆಯಾಯಿತು. ಒಂದು ಫೋಟೋದಷ್ಟು. ತೆರೆದು ನೋಡುವ ಧೈರ್ಯ ಆಗಲಿಲ್ಲ. ಹಾಗೇ ನಂದಾ ಆಂಟಿಗೆ ಕಳಿಸಿದಳು. ಅವರು ಊರಿಗೆ ಕಳಿಸಿದರು. ಲ್ಯಾಪ್‌ಟಾಪು ಟಪ್ ಅಂತ ಆರಿತು. ಮತ್ತೆ ಹತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ನಂದಾ ಆಂಟಿಯ ಫೋನು. ಅಳುತ್ತಿದ್ದರು.

"ಏನ ಮಾಡಿದಿ ಹಂಸಿನಿ ನೀ?"

"ಯಾಕೆ ಆಂಟಿ? ಓಪನ್ ಆಗ್ಲಿಲ್ವಾ?"

"ಆತವಾ, ಆತು. ಒತ್ತಿದ ಕೂಡಲೇ ಹತ್ತಿತಂತ. ಚಿಗವ್ವ ಹಾಡು ಪೂರ್ತಿ ಕೇಳ್ಯಾಳ. ಅದೇನೋ ಡ್ಯಾನ್ಸ್ ಹಾಡು ಇಲ್ಲಾ, ಏನಿಲ್ಲಾ, ಬರೇ ಅವ್ವಂದ ದನಿ ಅಂತ. ಕೊನೀ ಸಾಲು ಬಂದಾಗ ತಾನೂ ಕೂಡಿ ಹಾಡಿದ್ಲಂತ." ಆಂಟಿ ಅಳುತ್ತಲೇ ಹೇಳಿದರು. "'ಬೇಸರ ಬ್ಯಾಡ ಬೆಳಗಾತ.'"

ಹಂಸಿನಿ ಆ ಸಾಲನ್ನು ಕೇಳಿದ್ದು ಅದೇ ಮೊದಲು. ಡಿಸ್ಕಿನಲ್ಲಿರುವ ಫೈಲಿನಲ್ಲಿ ಇವತ್ತಿಗೂ ಆ ಸಾಲಿಲ್ಲ. ಅಲ್ಲಿ ಡ್ಯಾನ್ಸಿನ ಢಂಢಂ ಮಾತ್ರ. ನಾನೇ ಕೇಳಿದ್ದೇನೆ.

ನೀವು ನಗಬಹುದು. ಫೋನಿನಲ್ಲಿ ಏನೋ ಫಿಲ್ಟರ್ ಇತ್ತು, ಅಂಕಲ್ಲಿಗೆ ಬಿಪಿ ಇತ್ತು ಅನ್ನಬಹುದು. ನಮ್ಮಣ್ಣ ಈಶಣ್ಣ ಹಾಗೇ ಅಂದ. ಸರಿ, ಅದೆಲ್ಲ ಬಿಡಿ. ಇದೊಂದನ್ನು ಕೇಳಿ. ಇದಕ್ಕೆ ನಾನೂ ಸಾಕ್ಷಿ.

ಕೆಟ್ಟ ಲ್ಯಾಪ್‌ಟಾಪನ್ನು ಅವಳು ರಿಪೇರಿ ಅಂಗಡಿಗೆ ಕೊಟ್ಟಳು. ಹಬ್ಬದ ರಜೆ, ರಶ್ಶು, ಅದು ಅಲ್ಲಿಯ ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಹೊಸ ವರ್ಷ ಕಳೆದ ಮೇಲೆ ಕರೆದರು, ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ನಮ್ಮೆದುರಿಗೇ ಹಿಂದಿನ ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿ, "ಲ್ಯಾಪ್‌ಟಾಪ್ ಪಕ್ಕ ಬೇಕಿಂಗ್ ಮಾಡ್ತೀರಾ?" ಅಂತ ಇಂಗ್ಲಿಷಿನಲ್ಲಿ ಕೇಳಿದ.

ಹಂಸಿನಿ ಮೈಸೂರಿನವಳು. ಅನ್ನ ಮಾಡಿಕೊಳ್ಳೋದೇ ದೊಡ್ಡದು. ಜೋಳದ ರೊಟ್ಟಿ ಅವಳ ಅಡುಗೆಮನೆಗೆ ಕಾಲಿಟ್ಟದ್ದಿಲ್ಲ.

ಫ್ಯಾನಿನ ಸುತ್ತ, ರೆಕ್ಕೆ ರೆಕ್ಕೆಯ ಸಂದಿನಲ್ಲಿ, ಬೆಳ್ಳಗೆ ನುಣ್ಣಗೆ ಹಿಟ್ಟು. ಅವನು ಬ್ರಷ್ಷಿನಿಂದ ಗುಡಿಸಿ ಒಂದು ಕಾಗದದ ಮೇಲೆ ಸುರಿದ. ಒಂದು ಹಿಡಿಯಾಯಿತು. ಹಂಸಿನಿ ಬೆರಳು ಅದ್ದಿದಳು. ಆಮೇಲೆ ನನ್ನ ಕೈ ಹಿಡಿದು ಅದರ ಮೇಲಿಟ್ಟಳು.

ಈಗ ತಾನೇ ಬೀಸಿದ ಹಾಗೆ ಬೆಚ್ಚಗಿತ್ತು.